ಶಿಕ್ಷಣ ನೀತಿ ವಿಶ್ಲೇಷಕರ ಕೆಲಸವೇನು? ಆ ದಾರಿ ಹಿಡಿಯುವುದು ಹೇಗೆ?

ಚಿಕ್ಕಬಳ್ಳಾಪುರ ಜಿಲ್ಲೆಯ ಪೆರೇಸಂದ್ರದ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಪಾಠ ಕನ್ನಡ. ಒಂದನೇ ತರಗತಿಯ ಮಗುವಿಗೆ ಚಿತ್ರ ತೋರಿಸಿ ‘ಇದೇನು?’ ಎಂದರೆ ಅದು ಸುಮ್ಮನೆ ನಿಂತುಬಿಡಬಹುದು. ಕೇಳಿದವರು ‘ಬರುವುದಿಲ್ಲ’ ಎಂದು ಬರೆದುಕೊಂಡರೆ ಆ ಮೌನ ಅಂಕಿಯಾಗಿ ವರದಿ ಸೇರುತ್ತದೆ. ಮಗುವಿಗೆ ಗೊತ್ತಿಲ್ಲದ್ದು ಉತ್ತರವೋ, ಕನ್ನಡದ ಪದವೋ? ಹೀಗೆ ಕೇಳಿ, ಸರ್ಕಾರಕ್ಕೂ ಕೇಳಿಸುವವರೇ ಶಿಕ್ಷಣ ನೀತಿ ವಿಶ್ಲೇಷಕರು.

ಕೆಲಸ ನಡೆಯುವ ಬಗೆ

ಪ್ರತಿ ವರ್ಷ ಮುಖ್ಯಶಿಕ್ಷಕರು ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆಯಾದ ಯು-ಡೈಸ್‌ನಲ್ಲಿ ದಾಖಲಾತಿ, ಶಿಕ್ಷಕರು, ಕೊಠಡಿ, ಶೌಚಾಲಯಗಳ ವಿವರ ತುಂಬುತ್ತಾರೆ. ವಿಶ್ಲೇಷಕರು ಅದನ್ನು ಕಾಯ್ದೆಯ ಪಕ್ಕದಲ್ಲಿಟ್ಟು ಓದುತ್ತಾರೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಂತೆ, ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕು. ಕಾಗದದಲ್ಲಿ ಲೆಕ್ಕ ಸರಿಯಿದೆ. ಆದರೆ ಒಬ್ಬರು ತರಬೇತಿಗೆ ಹೋದ ದಿನ ಐದೂ ತರಗತಿಗಳನ್ನು ಉಳಿದೊಬ್ಬರೇ ನೋಡಿಕೊಳ್ಳಬೇಕು. ಇದು ತಿಳಿಯಬೇಕಾದರೆ ಶಾಲೆಗೇ ಹೋಗಿ ಕೂರಬೇಕು. ಆಮೇಲೆ ಬಜೆಟ್ ಓದಿ, ಪರಿಹಾರಕ್ಕೆ ತಗಲುವ ಖರ್ಚು ಲೆಕ್ಕ ಹಾಕಿ, ಸರಳವಾಗಿ ವರದಿ ಬರೆಯಬೇಕು.

ಮೊಟ್ಟೆ ಹೇಳಿದ ಪಾಠ

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಶುರುವಾದಾಗ ವಿರೋಧವೂ ಬಂತು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಅಧ್ಯಯನ ತಂಡ ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ ಸಿಗದಿದ್ದ ಗದಗದ ಮಕ್ಕಳನ್ನೂ ಹೋಲಿಸಿ ನೋಡಿತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. 2022ರಲ್ಲಿ ಯೋಜನೆ ಉಳಿದ ಜಿಲ್ಲೆಗಳಿಗೂ ಬಂತು. ವಾದಕ್ಕೆ ವಾದ ಬೆಳೆಯುತ್ತಿದ್ದ ಕಡೆ ತಕ್ಕಡಿ ತಂದಿಡುವುದು ಈ ವೃತ್ತಿಯ ಶಕ್ತಿ.

ಓದು ಮತ್ತು ಉದ್ಯೋಗ

ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಸಂಖ್ಯಾಶಾಸ್ತ್ರ ಅಥವಾ ಬಿ.ಎಡ್. ಓದಿದವರು ಈ ಕಡೆ ಬರಬಹುದು. ಸ್ನಾತಕೋತ್ತರಕ್ಕೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ, ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸಾರ್ವಜನಿಕ ನೀತಿ ಓದಬಹುದು. ಸಂಶೋಧನೆಗೆ ಬೆಂಗಳೂರಿನ ನಾಗರಬಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ), ದೆಹಲಿಯ ನೀಪಾ (ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆ) ಇವೆ. ಸಂಶೋಧನಾ ಕೇಂದ್ರ, ಸ್ವಯಂಸೇವಾ ಸಂಸ್ಥೆ, ಸರ್ಕಾರದ ಯೋಜನೆಗಳಲ್ಲಿ ಕೆಲಸ ಸಿಗುತ್ತದೆ. ಹಲವು ಹುದ್ದೆಗಳು ಗುತ್ತಿಗೆಯವು ಎಂಬುದು ನೆನಪಿರಲಿ. ಎಕ್ಸೆಲ್ ಚೆನ್ನಾಗಿ ಬರಬೇಕು, ಇಂಗ್ಲಿಷ್ ವರದಿ ಓದಿ ಊರಿನವರಿಗೆ ಕನ್ನಡದಲ್ಲಿ ವಿವರಿಸಲೂ ಬರಬೇಕು.

ಮೊದಲ ಹೆಜ್ಜೆ ಊರಲ್ಲೇ ಇಡಬಹುದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗಿ. ನಿಮ್ಮ ಶಾಲೆಯ ಐದು ವರ್ಷದ ದಾಖಲಾತಿ ಬರೆದುಕೊಳ್ಳಿ. ಶಾಲೆ ಬಿಟ್ಟ ಮಕ್ಕಳ ಮನೆಗೆ ಹೋಗಿ ಕಾರಣ ಕೇಳಿ.

ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟು, ಕನಿಷ್ಠ ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಸಬೇಕೆಂದಿತು. ಬೇರೆ ಕಡೆ ಆ ‘ಅಥವಾ’ ಸಣ್ಣ ಪದ. ಪೆರೇಸಂದ್ರದಲ್ಲಿ ಸುಮ್ಮನೆ ನಿಂತ ಆ ಮಗುವಿನ ಇಡೀ ಓದು ಅದರ ಮೇಲೆ ನಿಂತಿದೆ. ಅದರ ಅರ್ಥ ಬಿಡಿಸಿ ಹೇಳಲು ಎರಡೂ ಭಾಷೆಯಲ್ಲಿ ಬೆಳೆದ ಇಲ್ಲಿನ ಹುಡುಗ ಹುಡುಗಿಯರಿಗಿಂತ ತಕ್ಕವರು ಯಾರಿದ್ದಾರೆ?