ಒಂದು ಸೆಕೆಂಡಿನ ಬಿಸಿ

ಒಂದು ಹುಳು. ಉದ್ದ ಬರೀ ಒಂದು ಮಿಲಿಮೀಟರ್. ಹೆಸರು ಸೀನೊರ‍್ಯಾಬ್ಡೈಟಿಸ್ ಎಲೆಗನ್ಸ್, ಮೈಗಿಂತ ಹೆಸರೇ ಉದ್ದ! ಸಂತಾನದ ಕೋಶಗಳನ್ನು ಬಿಟ್ಟರೆ ಬೆಳೆದ ದ್ವಿಲಿಂಗಿ ಹುಳುವಿನ ಮೈಯಲ್ಲಿರುವುದು ಎಣಿಸಿಟ್ಟಂತೆ 959 ಜೀವಕೋಶಗಳು. ಮೈ ಪಾರದರ್ಶಕವಾದ್ದರಿಂದ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಂದೊಂದನ್ನೂ ಗುರುತು ಹಿಡಿಯಬಹುದು. ಅವುಗಳಲ್ಲಿ ಯಾವುದೋ ಒಂದನ್ನು, ಒಂದನ್ನು ಮಾತ್ರ, ಆರಿಸಿಕೊಂಡು ಅದರ ಮೇಲೆ ಇನ್‌ಫ್ರಾರೆಡ್ ಲೇಸರ್ ಬಿಡಿ. ಒಂದು ಸೆಕೆಂಡು ಸಾಕು. ಕೆಲವು ಗಂಟೆ ಬಿಟ್ಟು ಬಂದು ನೋಡಿದರೆ ಆ ಕೋಶ ಹಸಿರಾಗಿ ಹೊಳೆಯುತ್ತಿರುತ್ತದೆ. ಪಕ್ಕದ್ದಕ್ಕೆ ಸುದ್ದಿಯೇ ಇಲ್ಲ!

ಆ ಹಸಿರು ಮೂಲತಃ ಒಂದು ಜೆಲ್ಲಿ ಮೀನಿನದು. ಹುಳುವಿನ ಕೋಶಗಳಿಗೆಲ್ಲ ಜೆಲ್ಲಿ ಮೀನಿನ ಜೀನನ್ನು ಮೊದಲೇ ಸೇರಿಸಿದ್ದರು, ಅದು ಎಲ್ಲೆಡೆ ಸುಮ್ಮನೆ ಮಲಗಿತ್ತು. ಲೇಸರಿನ ಬಿಸಿ ಅದನ್ನು ಒಂದೇ ಕಡೆ ಎಬ್ಬಿಸಿತು. 2009ರಲ್ಲಿ ಜಪಾನಿನ ಯಾಸುಹಿರೊ ಕಾಮೆಯಿ ಮತ್ತು ಸಂಗಡಿಗರು ಇದನ್ನು ‘ನೇಚರ್ ಮೆಥಡ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಉಪಾಯಕ್ಕೆ ಅವರಿಟ್ಟ ಹೆಸರು ಐಆರ್-ಲೆಗೊ.

ನನ್ನನ್ನು ಕೇಳಿದರೆ, ಇಲ್ಲಿ ಲೇಸರ್ ಬರೀ ಬೆರಳು. ಸ್ವಿಚ್ಚು ಕೋಶದೊಳಗೆ ಕೋಟ್ಯಂತರ ವರ್ಷಗಳಿಂದ ಇದ್ದೇ ಇತ್ತು. ಅದು ಮನುಷ್ಯರ ಕಣ್ಣಿಗೆ ಬಿದ್ದ ಕಥೆಯೂ ಸೊಗಸಾಗಿದೆ.

1960ರ ದಶಕದ ಆರಂಭ, ಇಟಲಿ. ಫೆರುಚಿಯೊ ರಿಟೊಸ್ಸಾ ಹಣ್ಣಿನ ನೊಣದ ಮರಿಹುಳುಗಳ ಜೊಲ್ಲುಗ್ರಂಥಿಯನ್ನು ಪರೀಕ್ಷಿಸುತ್ತಿದ್ದರು. ಆ ಗ್ರಂಥಿಯಲ್ಲಿ ಡಿಎನ್‌ಎ ಎಳೆ ಸಾವಿರದಷ್ಟು ಸಲ ನಕಲಾಗಿ ಒಟ್ಟೊಟ್ಟಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಕ್ರೋಮೋಸೋಮುಗಳು ಮಾಮೂಲಿ ಸೂಕ್ಷ್ಮದರ್ಶಕಕ್ಕೂ ಪಟ್ಟೆಪಟ್ಟೆಯಾಗಿ ಕಾಣುತ್ತವೆ. ಯಾವ ಜೀನು ಕೆಲಸಕ್ಕಿಳಿಯುತ್ತದೋ ಆ ಪಟ್ಟೆ ಉಬ್ಬಿಕೊಳ್ಳುತ್ತದೆ. ಒಂದು ದಿನ ಲ್ಯಾಬಿನಲ್ಲಿ ಯಾರೋ ಇನ್‌ಕ್ಯುಬೇಟರಿನ ಉಷ್ಣತೆ ಏರಿಸಿಬಿಟ್ಟರು. ರಿಟೊಸ್ಸಾ ಬಂದು ನೋಡಿದರೆ ಎಂದೂ ಉಬ್ಬದ ಜಾಗಗಳೆಲ್ಲ ಉಬ್ಬಿವೆ! ಇದರಲ್ಲಿ ಜೀವವಿಜ್ಞಾನಕ್ಕೆ ಬೇಕಾದ್ದು ಏನೂ ಇಲ್ಲವೆಂದು ದೊಡ್ಡ ಪತ್ರಿಕೆಯೊಂದು ಲೇಖನವನ್ನು ವಾಪಸು ಕಳಿಸಿತಂತೆ. ಹಾಗೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. ಕೊನೆಗೆ 1962ರಲ್ಲಿ ‘ಎಕ್ಸ್‌ಪೀರಿಯೆನ್ಷಿಯಾ’ ಅದನ್ನು ಅಚ್ಚು ಹಾಕಿತು. ಬ್ಯಾಕ್ಟೀರಿಯಾದಿಂದ ಬಾಳೆಗಿಡದವರೆಗೆ, ನೊಣದಿಂದ ನಮ್ಮನಿಮ್ಮವರೆಗೆ, ಹೆಚ್ಚುಕಡಿಮೆ ಜೀವಜಗತ್ತಿಗೆಲ್ಲ ಸಾಮಾನ್ಯವಾದ ವ್ಯವಸ್ಥೆಯೊಂದು ಅಲ್ಲಿ ಮೊದಲ ಸಲ ಕಂಡಿತ್ತು. ಬೇಕಾದ್ದು ಏನೂ ಇಲ್ಲವಂತೆ!

ಕೋಶದೊಳಗೆ ಆಗುವುದೇನು? ಪ್ರೋಟೀನುಗಳು ಸರಿಯಾಗಿ ಮಡಚಿಕೊಂಡಿದ್ದರೆ ಮಾತ್ರ ಕೆಲಸಕ್ಕೆ ಬರುತ್ತವೆ. ಬಿಸಿ ಹೆಚ್ಚಾದರೆ ಮಡಿಕೆ ಸಡಿಲವಾಗುತ್ತದೆ. ಅದನ್ನು ನೆಟ್ಟಗೆ ಮಾಡಲೆಂದೇ ಹೀಟ್ ಶಾಕ್ ಪ್ರೋಟೀನುಗಳಿವೆ. ಹಿತವಾದ ಹವೆಯಲ್ಲಿ ಇವು ಎಚ್‌ಎಸ್‌ಎಫ್ ಎಂಬ ಇನ್ನೊಂದು ಪ್ರೋಟೀನನ್ನು ಅಲ್ಲಾಡದಂತೆ ಹಿಡಿದಿರುತ್ತವೆ. ಬಿಸಿ ತಾಗಿತೋ, ಮಡಿಕೆ ಕೆಟ್ಟ ಪ್ರೋಟೀನುಗಳನ್ನು ವಿಚಾರಿಸಿಕೊಳ್ಳಲು ಓಡಬೇಕು. ಮದುವೆ ಮನೆಯಲ್ಲಿ ತುಂಟ ಹುಡುಗನ ಕೈ ಹಿಡಿದು ಕೂರಿಸಿಕೊಂಡಿದ್ದ ಅತ್ತೆ, ದಿಬ್ಬಣ ಬಂತೆಂದು ಗಡಿಬಿಡಿಯಲ್ಲಿ ಎದ್ದು ಹೋದ ಹಾಗೆ! ಕೈ ಬಿಟ್ಟದ್ದೇ ತಡ, ಎಚ್‌ಎಸ್‌ಎಫ್ ಅಣುಗಳು ಮೂರುಮೂರು ಜೊತೆಗೂಡಿ ಡಿಎನ್‌ಎಯ ಗೊತ್ತುಪಡಿಸಿದ ಜಾಗಕ್ಕೆ ಹೋಗಿ ಕೂರುತ್ತವೆ. ಆ ಜಾಗದ ಮುಂದಿರುವ ಜೀನು ಎಚ್ಚರಗೊಳ್ಳುತ್ತದೆ. ನೊಣದಲ್ಲಂತೂ ಜೀನನ್ನು ಓದುವ ಆರ್‌ಎನ್‌ಎ ಪಾಲಿಮರೇಸ್ 20ರಿಂದ 40 ಅಕ್ಷರ ಓದಿ ಮುಂದಿನ ಅಪ್ಪಣೆಗೆ ಕಾಯುತ್ತಾ ಹೊಸ್ತಿಲಲ್ಲೇ ನಿಂತಿರುತ್ತದೆ. ಎಂಥ ತಯಾರಿ!

ಎಚ್‌ಎಸ್‌ಎಫ್ ಕೂರುವ ಜಾಗದ ಮುಂದೆ ಕೋಶದ ಸ್ವಂತ ಜೀನೇ ಇರಬೇಕೆಂಬ ಕಟ್ಟಳೆಯೇನೂ ಇಲ್ಲ. ನಮಗೆ ಬೇಕಾದ ಜೀನನ್ನು ಅಲ್ಲಿ ಕೂರಿಸಿದರೆ ಅದೂ ಬಿಸಿಗೆ ಏಳುತ್ತದೆ. 1993ರಲ್ಲಿ ಕೆನಡಾದ ಸ್ಟ್ರಿಂಗಮ್ ಮತ್ತು ಕ್ಯಾಂಡಿಡೊ ಇದೇ ಹುಳುವಿನಲ್ಲಿ ಲೇಸರ್ ಬಿಟ್ಟು ಹಾಗೆ ಮಾಡಿ ತೋರಿಸಿದ್ದರು. ಆದರೆ ಅಂಥ ಲೇಸರುಗಳು ಅಲ್ಲಿಯವರೆಗೆ ಕೋಶಗಳನ್ನು ಸುಟ್ಟು ಕೊಲ್ಲಲು ಬಳಕೆಯಲ್ಲಿದ್ದವು. ಸ್ವಲ್ಪ ಹೆಚ್ಚಾದರೆ ಕೋಶವೇ ಖಲಾಸ್. ಅವುಗಳದು ಕಣ್ಣಿಗೆ ಕಾಣುವ ಬೆಳಕು; ಅದನ್ನು ನೀರು ಹೀರುವುದೇ ಅಪರೂಪ, ಹಾಗಾಗಿ ಎಷ್ಟು ಬಿಸಿಯೇರುತ್ತದೆ ಎಂಬುದು ಕೈಗೆ ಸಿಗುತ್ತಿರಲಿಲ್ಲ. ಕಾಮೆಯಿ ತಂಡ ಆರಿಸಿಕೊಂಡದ್ದು 1480 ನ್ಯಾನೊಮೀಟರ್ ತರಂಗಾಂತರವನ್ನು. ನೀರು ಅದನ್ನು ಚೆನ್ನಾಗಿ ಹೀರುತ್ತದೆ. ಕೋಶದ ತುಂಬ ಇರುವುದು ನೀರೇ ತಾನೆ? ಕೋಶ ಒಳಗಿನಿಂದಲೇ ಹದವಾಗಿ ಬಿಸಿಯಾಗುತ್ತದೆ. ಎಷ್ಟು ಸರಳ!

ಮುಂದೆ ಇದೇ ಬೆರಳು ಹಳೆಯದೊಂದು ಜಗಳವನ್ನು ಬಗೆಹರಿಸಿತು. ಮೀನಿನ ಮೈಮೇಲಿನ ಹುರುಪೆ ಯಾವ ಕೋಶಗಳಿಂದ ಹುಟ್ಟುತ್ತದೆ? ಭ್ರೂಣದ ನರನಾಳದ ಅಂಚಿನಿಂದ ಹೊರಟು ಮೈತುಂಬ ಹರಡುವ ನ್ಯೂರಲ್ ಕ್ರೆಸ್ಟ್ ಕೋಶಗಳಿಂದ ಎಂಬ ನಂಬಿಕೆ ಬಲವಾಗಿತ್ತು. ಜಪಾನಿನ ಗದ್ದೆಗಳಲ್ಲಿ ಓಡಾಡುವ ಪುಟ್ಟ ಮೀನು ಮೆಡಾಕ. ಟೋಕಿಯೊ ವಿಶ್ವವಿದ್ಯಾಲಯದ ಹಿರೊಯುಕಿ ತಕೆದ ಅವರ ತಂಡ ಅದರ ಭ್ರೂಣದಲ್ಲಿ ಮಧ್ಯದ ಪದರ, ಅಂದರೆ ಮೀಸೋಡರ್ಮ್‌ನ ಕೋಶಗಳನ್ನು ಲೇಸರಿನಿಂದ ಮುಟ್ಟಿತು. ಈ ಸಲ ಬಿಸಿಗೆ ಎದ್ದ ಜೀನಿನ ಪ್ರೋಟೀನು ಡಿಎನ್‌ಎಯನ್ನೇ ಒಂದು ಕಡೆ ಕತ್ತರಿಸಿ ಜೋಡಿಸಿ ಬಣ್ಣದ ಜೀನನ್ನು ಎಬ್ಬಿಸುವಂಥದ್ದು. ಹಾಗಾಗಿ ಬಣ್ಣ ಒಮ್ಮೆ ಹತ್ತಿದರೆ ಆ ಕೋಶಕ್ಕೂ ಅದರ ಮಕ್ಕಳು ಮೊಮ್ಮಕ್ಕಳಿಗೂ ಅಳಿಸದ ಗುರುತು. ಭ್ರೂಣ ಬೆಳೆದು ಮೀನಾಯಿತು. ಬಣ್ಣ ಎಲ್ಲಿ ಕಂಡಿತು? ಹುರುಪೆಯನ್ನು ಕಟ್ಟುವ ಕೋಶಗಳಲ್ಲಿ! 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದು ಸೆಕೆಂಡಿನ ಬಿಸಿ ಮೀನಿನ ವಂಶಾವಳಿಯನ್ನೇ ಬರೆದುಕೊಟ್ಟಿತ್ತು.

ಈಗ ಈ ಬಿಸಿಯ ಸ್ವಿಚ್ಚು ಕ್ಯಾನ್ಸರ್ ಚಿಕಿತ್ಸೆಯ ಬಾಗಿಲಿಗೂ ಬಂದಿದೆ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಗೇಬ್ ಕ್ವಾಂಗ್ ಅವರ ತಂಡ ರೋಗದೊಡನೆ ಹೋರಾಡುವ ಟಿ-ಕೋಶಗಳಿಗೆ ಬಿಸಿಯ ಸ್ವಿಚ್ಚು ಜೋಡಿಸಿ ಇಲಿಗಳ ಮೇಲೆ ಪ್ರಯೋಗ ಮಾಡಿದೆ. ಗಡ್ಡೆಯೊಳಗೆ ಚಿನ್ನದ ನ್ಯಾನೊ ಕಡ್ಡಿಗಳು, ಹೊರಗಿನಿಂದ ಲೇಸರ್. ಚಿನ್ನ ಬೆಳಕನ್ನು ಹೀರಿ ಸುತ್ತಲ ಜಾಗವನ್ನು 40ರಿಂದ 42 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದಾಗ ಆ ಟಿ-ಕೋಶಗಳು ಅಲ್ಲಿ ಮಾತ್ರ ಮದ್ದು ತಯಾರಿಸುತ್ತವೆ. ಬೆಳಕು ಮೈಯೊಳಗೆ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ, ಆ ತೊಡಕು ಹಾಗೇ ಇದೆ. ಕೋಶಗಳು ಬಿಸಿಗೆ ಬಸವಳಿಯುತ್ತವೆ ಎಂಬ ಇನ್ನೊಂದಕ್ಕೆ ಮಾತ್ರ ಅವರು 2018ರಲ್ಲೇ ದಾರಿ ಕಂಡುಕೊಂಡಿದ್ದರು. ಒಂದೇ ಸಮನೆ ಕಾಯಿಸುವ ಬದಲು ನಡುನಡುವೆ ತಣಿಯಲು ಬಿಟ್ಟು, ಬಿಟ್ಟುಬಿಟ್ಟು ಬಿಸಿ ಕೊಟ್ಟರೆ ಕೋಶಗಳು ಹೆಚ್ಚು ತಾಳಿಕೊಳ್ಳುತ್ತವೆ, ಜೀನೂ ಏಳುತ್ತದೆ.