ನೀವೇ ಒಂದು ಬಟ್ಟಲು ಎತ್ತಿಕೊಳ್ಳಿ

ಗಾಳ ಹಾಕುವವರಿಗೆ ನಮ್ಮ ಕಡೆ ಎರೆಗೆ ಬರವಿಲ್ಲ. ತಿಪ್ಪೆಯ ಮಗ್ಗುಲಲ್ಲಿ ಒಂದು ಗುದ್ದಲಿ ಹಾಕಿದರೆ ಸಂಜೆಗೆ ಸಾಲುವಷ್ಟು ಎರೆಹುಳು ಸಿಗುತ್ತದೆ. ಅದಿಲ್ಲದಿದ್ದರೆ ರಾಗಿಹಿಟ್ಟು ನಾದಿ ಉಂಡೆ ಕಟ್ಟಿಕೊಂಡರಾಯಿತು. ಶ್ರೀರಂಗಪಟ್ಟಣದ ನಾಲೆ ಏರಿಯ ಮೇಲೆ ಗಾಳ ಹಿಡಿದು ಕೂತ ಹುಡುಗರಿಗೆ ಹುಳು ಎಣಿಸಿ ಕೊಳ್ಳುವ ದರ್ದಿಲ್ಲ. ಆದರೆ ಇದೇ ಸೀಮೆಯಲ್ಲಿ ನೀರೊಳಗಿನ ಜೀವವನ್ನು ಸಾವಿರದ ಲೆಕ್ಕದಲ್ಲಿ ಎಣಿಸಿ, ದುಡ್ಡು ಕೊಟ್ಟು ಕೊಳ್ಳುವ ವ್ಯಾಪಾರವೊಂದಿದೆ. ಅದು ಮೀನುಮರಿ ವ್ಯಾಪಾರ. ಮಳೆಗಾಲ ಹಿಡಿದು ಕೆರೆಗಳಿಗೆ ನೀರು ಬರತೊಡಗಿದರೆ ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕೆರೆ ಗುತ್ತಿಗೆದಾರರು, ಮೀನುಗಾರರ ಸಹಕಾರ ಸಂಘದವರು, ಹೊಲದಲ್ಲಿ ಹೊಂಡ ತೋಡಿಸಿಕೊಂಡ ರೈತರು ಎಲ್ಲರೂ ಮರಿ ಹುಡುಕಿಕೊಂಡು ಹೊರಡುತ್ತಾರೆ. ಕೆಆರ್‌ಎಸ್‌ನಲ್ಲಿ ಮೀನುಗಾರಿಕೆ ಇಲಾಖೆಯ ಮೀನುಮರಿ ಕೇಂದ್ರವಿದೆ. ಖಾಸಗಿಯಾಗಿ ಮರಿ ಸಾಕಿ ಮಾರುವವರೂ ಇದ್ದಾರೆ.

ಮಾರುವುದು ಸಾವಿರಕ್ಕೆ ಇಷ್ಟು ಎಂಬ ದರದಲ್ಲಿ. ಆದರೆ ಸಾವಿರವನ್ನು ಒಂದೊಂದಾಗಿ ಎಣಿಸುವವರು ಯಾರು? ನಮ್ಮ ತೆಂಗಿನ ತೋಟಗಳಲ್ಲಿ ಕಾಯಿ ಎಣಿಸುವುದನ್ನು ನೋಡಿ. ಎರಡೂ ಕೈಯಲ್ಲಿ ಜೋಡಿ ಜೋಡಿಯಾಗಿ ಎತ್ತಿ ಹಾಕುತ್ತಾ, ಎಲ್ಲರಿಗೂ ಕೇಳುವಂತೆ ಲೆಕ್ಕ ಕೂಗುತ್ತಾ, ನೂರಾದಾಗಲೆಲ್ಲ ಗುರುತಿಗೆ ಒಂದು ಕಾಯಿ ಪಕ್ಕಕ್ಕಿಡುತ್ತಾರೆ. ಮಾರುವವನಿಗೂ ಕೊಳ್ಳುವವನಿಗೂ ಕಣ್ಣೆದುರೇ ಲೆಕ್ಕ ನಿಲ್ಲುತ್ತದೆ. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಕೂಗಿ ಅಳೆದ ಜನ ನಾವು. ಅಳತೆಯೆಂದರೆ ನಾಲ್ಕು ಜನರ ಮುಂದೆ ಆಗಬೇಕಾದ ಕೆಲಸ ಎಂಬುದು ಇಲ್ಲಿ ರೂಢಿ. ಮೀನುಮರಿಯ ಮುಂದೆ ಈ ರೂಢಿ ಕೈಕೊಡುತ್ತದೆ. ಒಂದು ಇಂಚಿನ ಮರಿ ಅಂಗೈಯಲ್ಲಿ ನಿಲ್ಲುವುದಿಲ್ಲ, ನೀರಿನಿಂದ ಹೊರಗೆ ಹೆಚ್ಚು ಹೊತ್ತು ಬದುಕುವುದೂ ಇಲ್ಲ. ಎಣಿಕೆ ನಿಧಾನವಾದಷ್ಟೂ ಸಾವು ಹೆಚ್ಚು.

ಅದಕ್ಕೇ ಬಟ್ಟಲು ಲೆಕ್ಕ ಬಂದದ್ದು. ಕೊಳದಲ್ಲಿ ಹಾಪಾ ಎನ್ನುವ ಬಟ್ಟೆಯ ತೊಟ್ಟಿ ಕಟ್ಟಿ ಮರಿಗಳನ್ನು ಒಂದು ಕಡೆ ಕೂಡಿಹಾಕಿರುತ್ತಾರೆ. ತೂತುಗಳಿರುವ, ಇಲ್ಲವೇ ತಳಕ್ಕೆ ಜಾಲರಿ ಹೊಲಿದ ಸಣ್ಣ ಬಟ್ಟಲಿನಲ್ಲಿ ಮರಿ ಮೊಗೆಯುತ್ತಾರೆ. ನೀರು ಸೋರಿಹೋಗಿ ಬೆಳ್ಳಿ ಚೂರುಗಳ ಹಾಗೆ ಮರಿಗಳಷ್ಟೇ ಮಿಡುಕುತ್ತಾ ಉಳಿಯುತ್ತವೆ. ಮೊದಲು ಒಂದೋ ಎರಡೋ ಬಟ್ಟಲನ್ನು ಅಗಲವಾದ ಬೇಸಿನ್ನಿಗೆ ಸುರಿದು, ಐದೈದರಂತೆ ಎಣಿಸಿ, ಬಟ್ಟಲಿಗೆ ಇಷ್ಟು ಮರಿ ಎಂದು ತೀರ್ಮಾನ ಮಾಡುತ್ತಾರೆ. ಆಮೇಲೆ ಬಟ್ಟಲನ್ನಷ್ಟೇ ಎಣಿಸುವುದು. ಬಟ್ಟಲಿಗೆ 250 ಬಂದರೆ ನಾಲ್ಕು ಬಟ್ಟಲು ಸಾವಿರ. ಇನ್ನೂ ಚಿಕ್ಕದಾದ, ಮೊಟ್ಟೆಯೊಡೆದು ಮೂರು ದಿನವಾದ ಸ್ಪಾನ್ ಆದರೆ ಎಣಿಕೆಯ ಮಾತೇ ಇಲ್ಲ. ಅಳತೆ ಗಾಜಿನಲ್ಲಿ ಒಂದು ಮಿಲಿಲೀಟರಿಗೆ ಸುಮಾರು 500 ಎಂದು ಹಿಡಿಯುತ್ತಾರೆ. ನಾಲ್ಕು ಇಂಚಿಗೆ ಬಂದ ಬಲಿತ ಮರಿಯನ್ನು ಮಾತ್ರ ಕೈಯಲ್ಲೇ ಎಣಿಸಲು ಸಾಧ್ಯ, ಇಲ್ಲವೇ ಒಂದು ಕೆಜಿಗೆ ಎಷ್ಟು ಬರುತ್ತದೆಂದು ನೋಡಿ ತೂಗಿಕೊಡುತ್ತಾರೆ.

ಬಟ್ಟಲು ಲೆಕ್ಕ ಕೆಟ್ಟ ಪದ್ಧತಿಯೇನಲ್ಲ. ಮರಿಗೂ ಒಳ್ಳೆಯದು, ಹೊತ್ತೂ ಉಳಿಯುತ್ತದೆ. ಇಡೀ ಲೆಕ್ಕ ನಿಂತಿರುವುದು ಮಾತ್ರ ಆ ಮೊದಲ ಬಟ್ಟಲಿನ ಮೇಲೆ. ಮೋಸ ಮಾಡಬೇಕೆಂದವನಿಗೆ ದಾರಿಯೂ ಅಲ್ಲೇ. ಎಣಿಸುವ ಬಟ್ಟಲನ್ನು ನೀರು ಪೂರಾ ಸೋರುವವರೆಗೆ ಹಿಡಿದು, ಮರಿ ಒತ್ತಾಗಿ ತುಂಬಿ ಎಣಿಸುವುದು, ಉಳಿದ ಬಟ್ಟಲುಗಳನ್ನು ನೀರು ಸಮೇತ ಸರ್ರನೆ ಸುರಿಯುವುದು. ಇಲ್ಲವೇ ಸಣ್ಣ ಮರಿಯ ಬಟ್ಟಲನ್ನು ಎಣಿಸಿ, ದೊಡ್ಡ ಮರಿಯನ್ನು ಅದೇ ಲೆಕ್ಕದಲ್ಲಿ ಕೊಡುವುದು. ಮರಿ ದೊಡ್ಡದಾದಷ್ಟೂ ಬಟ್ಟಲಿಗೆ ಕಡಿಮೆ ಹಿಡಿಯುತ್ತದೆಂಬುದು ಆ ಗಡಿಬಿಡಿಯಲ್ಲಿ ಎಷ್ಟು ಜನರಿಗೆ ಹೊಳೆದೀತು? ಹತ್ತು ಸಾವಿರಕ್ಕೆ 40 ಬಟ್ಟಲು ಕೊಟ್ಟರು ಎಂದುಕೊಳ್ಳೋಣ. ಬಟ್ಟಲಿಗೆ 250ರ ಬದಲು 220 ಇದ್ದರೆ ಕೈಗೆ ಬಂದದ್ದು 8,800. ಕಳೆದುಹೋದ 1,200ರಲ್ಲಿ ಅರ್ಧ ಬದುಕಿ, ಒಂದೊಂದು ಒಂದು ಕೆಜಿ ತೂಗಿದ್ದರೂ 600 ಕೆಜಿ ಮೀನಾಗುತ್ತಿತ್ತು. ಮರಿಯ ಬೆಲೆಯಲ್ಲಿ ನೋಡಿದರೆ ನಷ್ಟ ಚಿಕ್ಕದು, ಫಸಲಿನಲ್ಲಿ ನೋಡಿದರೆ ಒಂದು ಸಂಸಾರದ ಕೆಲವು ತಿಂಗಳ ಬದುಕು.

ನಾಗಮಂಗಲದಂಥ ಒಣ ಸೀಮೆಯಲ್ಲಿ ಈ ಪೆಟ್ಟು ಇನ್ನೂ ಜೋರು. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಕಾವೇರಿಯ ನಾಲೆಗಳಿವೆ, ತೊಣ್ಣೂರಿನಂಥ ದೊಡ್ಡ ಕೆರೆ ಇದೆ. ನಾಗಮಂಗಲದ ಕೆರೆಗಳು ಮಳೆಯನ್ನೂ ಹೇಮಾವತಿ ನಾಲೆಯ ನೀರನ್ನೂ ಕಾದು ಕೂರಬೇಕು. ನೀರು ಬಂದ ಮೇಲೆ ಮರಿ ಬಿಟ್ಟರೆ, ಬೇಸಿಗೆಗೆ ಕೆರೆ ತಗ್ಗುವಷ್ಟರಲ್ಲಿ ಮೀನು ತೂಕಕ್ಕೆ ಬರಬೇಕು. ಬಿತ್ತಿದ ರಾಗಿ ಹುಟ್ಟದಿದ್ದರೆ ವಾರದಲ್ಲಿ ಗೊತ್ತಾಗುತ್ತದೆ, ಮತ್ತೆ ಬಿತ್ತಬಹುದು. ಕೆರೆಗೆ ಬಿಟ್ಟ ಮರಿ ಎಷ್ಟಿತ್ತು ಎಂಬುದು ಬಲೆ ಎಳೆಯುವವರೆಗೂ ಯಾರಿಗೂ ಕಾಣುವುದಿಲ್ಲ. ಅಷ್ಟು ತಿಂಗಳಾದ ಮೇಲೆ ಕಡಿಮೆ ಬಂತೆಂದು ಯಾರನ್ನು ಕೇಳುವುದು? ನೀರುಕಾಗೆ ತಿಂದಿರಬಹುದು, ಕೋಡಿ ಬಿದ್ದಾಗ ಹರಿದುಹೋಗಿರಬಹುದು, ರಾತ್ರಿ ಕದ್ದು ಬಲೆ ಬಿಟ್ಟಿರಬಹುದು. ಕಡಿಮೆ ಎಣಿಸಿ ಕೊಟ್ಟವನು ಈ ಎಲ್ಲ ಕಾರಣಗಳ ಹಿಂದೆ ಸುಖವಾಗಿ ಅಡಗಿಕೊಳ್ಳುತ್ತಾನೆ. ಆದ್ದರಿಂದಲೇ ಈ ವ್ಯಾಪಾರದಲ್ಲಿ ನ್ಯಾಯ ಕೊಳದ ದಂಡೆಯಲ್ಲೇ ಆಗಿಬಿಡಬೇಕು. ಆಮೇಲೆ ಅದಕ್ಕೆ ಸಾಕ್ಷಿ ಉಳಿಯುವುದಿಲ್ಲ.

ಇನ್ನು ಕೊಸರಿನ ವಿಚಾರ. ಸೊಪ್ಪಿನವಳು ಒಂದು ಹಿಡಿ ಹೆಚ್ಚಿಗೆ ಹಾಕಿದರೆ ಗಿರಾಕಿಗೆ ಸಂತೋಷ. ಮೀನುಮರಿಯಲ್ಲೂ ಲೆಕ್ಕ ಮುಗಿದ ಮೇಲೆ ‘ದಾರೀಲಿ ಸತ್ತೋದ್ವು ಅನ್ಬೇಡಿ, ತಕಳಿ’ ಎಂದು ಒಂದೆರಡು ಬಟ್ಟಲು ಮೇಲೆ ಸುರಿಯುವವರಿದ್ದಾರೆ. ಇದು ಒಳ್ಳೆಯ ಪದ್ಧತಿ. ಸಾಗಣೆಯಲ್ಲಿ ಸಾಯುವುದರ ಒಂದು ಪಾಲನ್ನು ಮಾರುವವನೇ ಹೊತ್ತಂತಾಯಿತು. ಆದರೆ ಕೊಸರು ಲೆಕ್ಕದ ಮೇಲೆ ಬರಬೇಕೇ ಹೊರತು ಲೆಕ್ಕದ ಜಾಗದಲ್ಲಿ ಬರಬಾರದು. ಬಟ್ಟಲಿಗೆ ಮೂವತ್ತು ಕಡಿಮೆ ಹಾಕಿ, ಕೊನೆಯಲ್ಲಿ ಧಾರಾಳವಾಗಿ ಎರಡು ಬಟ್ಟಲು ಸುರಿದರೆ ಅದು ಗಿರಾಕಿಯದನ್ನೇ ಗಿರಾಕಿಗೆ ದಾನ ಮಾಡಿದ ಹಾಗೆ. ನಗುನಗುತ್ತಾ ಕೊಟ್ಟ ಆ ಎರಡು ಬಟ್ಟಲಿಗೆ ಮರುಳಾಗಿ ‘ಒಳ್ಳೆ ಜನ’ ಎಂದು ಮನೆಗೆ ಹೋಗುವವರು ಬಹಳ. ನನ್ನ ಮಟ್ಟಿಗೆ, ಕೊಸರು ಕೊಡದೆ ಬಟ್ಟಲನ್ನು ನನ್ನ ಕಣ್ಣೆದುರು ಎಣಿಸಿದವನೇ ದೊಡ್ಡ ವ್ಯಾಪಾರಿ.

ಲೆಕ್ಕ ಸರಿಯಿದ್ದೂ ಸರಕು ತಪ್ಪಿರಬಹುದು ಎಂಬುದನ್ನೂ ಹೇಳಬೇಕು. ಕಾಟ್ಲಾ, ರೋಹು, ಮೃಗಾಲ್ ಮೂರೂ ಚಿಕ್ಕಂದಿನಲ್ಲಿ ಹೊಸಬರ ಕಣ್ಣಿಗೆ ಒಂದೇ. ಕಾಟ್ಲಾ ಮೇಲ್ನೀರಿನಲ್ಲಿ ತಿಂದು ಬೇಗ ಬೆಳೆಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಮೂರನ್ನೂ ಹದವಾಗಿ ಬೆರೆಸಿ ಬಿಟ್ಟರೆ ಕೆರೆಯ ಮೇವೆಲ್ಲ ಬಳಕೆಯಾಗುತ್ತದೆ. ಹೆಚ್ಚು ಜನ ಕೇಳುವುದು ಕಾಟ್ಲಾ. ಅದಕ್ಕೆ ದುಡ್ಡು ಕೊಟ್ಟು ಬೇರೆ ಗೆಂಡೆ ಮರಿ ತಂದರೆ ಲೆಕ್ಕ ಸರಿಯಾಗಿಯೂ ಉಪಯೋಗವಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಜಿಲೇಬಿ ಮೀನಿನದು. ನಾಲ್ಕು ಮರಿ ಬೆರೆತರೂ ಅವು ಕೆರೆಯಲ್ಲೇ ಮತ್ತೆ ಮತ್ತೆ ಮರಿ ಮಾಡಿ, ಬೇರೆ ಮೀನಿನ ಮೇವಿಗೆ ಪಾಲುದಾರರಾಗುತ್ತವೆ. ಗಾಳಕ್ಕೆ ಸಿಕ್ಕಿಸಲೆಂದು ಒಂದು ಕೆರೆಯಿಂದ ಜೀವಂತ ಮರಿ ಹಿಡಿದು, ಉಳಿದದ್ದನ್ನು ಇನ್ನೊಂದು ಕೆರೆಗೆ ಚೆಲ್ಲಿ ಬರುವವರೂ ಈ ಕೆಲಸವನ್ನೇ ಮಾಡುತ್ತಾರೆ. ದಯವಿಟ್ಟು ಅದನ್ನು ಬಿಡಿ.

ಈ ಲೆಕ್ಕದ ವ್ಯಾಪಾರ ಬಹಳ ಹಳೆಯದೇನಲ್ಲ. ಕಾಟ್ಲಾ, ರೋಹು, ಮೃಗಾಲ್ ಎಂಬ ಈ ಗೆಂಡೆ ಮೀನುಗಳು ಪ್ರವಾಹದ ಹೊಸನೀರು ಕಾಣದೆ ಮೊಟ್ಟೆ ಇಡುವುದಿಲ್ಲ, ನಿಂತ ನೀರಿನ ಕೆರೆಯಲ್ಲಿ ಮರಿ ಮಾಡುವುದಿಲ್ಲ. ಹಾಗಾಗಿ ಹಿಂದೆ ನದಿಯಿಂದಲೇ ಮರಿ ಹಿಡಿದು ತರಬೇಕಿತ್ತು, ಅದರಲ್ಲಿ ಬೇಕಾದ್ದು ಬೇಡವಾದ್ದು ಎಲ್ಲ ಬೆರೆತಿರುತ್ತಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತವರ ಸಂಗಡಿಗರು ಹಾರ್ಮೋನು ಚುಚ್ಚಿ ಗೆಂಡೆ ಮೀನು ಮೊಟ್ಟೆ ಇಡುವಂತೆ ಮಾಡಿದರು. ಆ ದಿನವನ್ನೇ ಈಗ ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುವುದು. ಅಲ್ಲಿಂದ ಮುಂದೆ ಕೇಳಿದ ಜಾತಿಯ ಮರಿ, ಕೇಳಿದಷ್ಟು ಸಿಗುವ ಕಾಲ ಬಂತು. ಬೇಡಿಕೆಯೆಲ್ಲ ಮಳೆಗಾಲದ ಕೆಲವೇ ವಾರಗಳಲ್ಲಿ ಒಮ್ಮೆಗೇ ಬೀಳುವುದರಿಂದ ನೂಕುನುಗ್ಗಲೂ ಬಂತು. ಎಣಿಕೆ ಹಾಳಾಗುವುದು ಹೆಚ್ಚಾಗಿ ಈ ಅವಸರದಲ್ಲಿ. ಎಲ್ಲವೂ ಬೇಕೆಂದೇ ಮಾಡಿದ ಮೋಸವಲ್ಲ.

ಮಾರುವವರ ಪರವಾಗಿಯೂ ಒಂದು ಮಾತು ಆಡಲೇಬೇಕು. ‘ಮರಿ ಕಮ್ಮಿ ಕೊಟ್ರು’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಕೊಂಡವರ ಅವಸರ. ಮರಿಯನ್ನು ಸಾಗಿಸುವ ಮುಂಚೆ ಕೆಲವು ಗಂಟೆ ಮೇವಿಲ್ಲದೆ ಹಾಪಾದಲ್ಲಿ ಇಡಬೇಕು. ಹೊಟ್ಟೆ ಖಾಲಿಯಾದರೆ ಚೀಲದ ನೀರು ಕೆಡುವುದಿಲ್ಲ. ‘ಈಗ್ಲೇ ಕೊಡಿ, ಲಗೇಜ್ ಆಟೋ ನಿಂತೈತೆ’ ಎಂದು ಅವಸರ ಮಾಡಿದರೆ ಆ ಹದ ತಪ್ಪುತ್ತದೆ. ಪಾಲಿಥಿನ್ ಚೀಲದಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ. ಅದನ್ನು ನೆತ್ತಿ ಬಿಸಿಲಲ್ಲಿ ಊರಿಗೆ ತಂದು, ಕಟ್ಟು ಬಿಚ್ಚಿ ಕೆರೆಗೆ ದಬಾರನೆ ಸುರಿದರೆ ಚೀಲದ ನೀರಿಗೂ ಕೆರೆಯ ನೀರಿಗೂ ಇರುವ ಬಿಸಿಯ ವ್ಯತ್ಯಾಸಕ್ಕೇ ಮರಿ ಸಾಯುತ್ತದೆ. ಚೀಲವನ್ನು ಕಟ್ಟಿದ ಹಾಗೇ ಹದಿನೈದಿಪ್ಪತ್ತು ನಿಮಿಷ ಕೆರೆಯಲ್ಲಿ ತೇಲಬಿಟ್ಟು, ಆಮೇಲೆ ಬಾಯಿ ಬಿಚ್ಚಿ ಸ್ವಲ್ಪ ಸ್ವಲ್ಪವೇ ಕೆರೆ ನೀರು ಸೇರಿಸಿ, ಮರಿ ತಾನಾಗಿ ಈಜಿಕೊಂಡು ಹೋಗುವಂತೆ ಬಿಡಬೇಕು. ಬೆಳಗಿನ ತಂಪು ಅಥವಾ ಸಂಜೆ ಇದಕ್ಕೆ ಸರಿಯಾದ ಹೊತ್ತು. ಇಷ್ಟು ಮಾಡದವರು ಲೆಕ್ಕದ ಮೇಲೆ ದೂರು ಹೇಳುವುದು ನ್ಯಾಯವಲ್ಲ.

ಎಣಿಸಿ ಮಾರುವ ಸರಕು ಕಾನೂನಿನ ಕೈಗೆ ಸಿಗದ್ದೇನಲ್ಲ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ ತೂಕ, ಅಳತೆಗಳ ಜೊತೆಗೆ ಸಂಖ್ಯೆಯಲ್ಲಿ ಮಾರುವ ಸರಕನ್ನೂ ಒಳಗೊಳ್ಳುತ್ತದೆ. ಆದರೆ ಮರಿ ಮೊಗೆಯುವ ಬಟ್ಟಲು ಮುದ್ರೆ ಹಾಕಿದ ಅಳತೆಯಲ್ಲ, ಅಂದಾಜಿಗೆ ಇಟ್ಟುಕೊಂಡ ಪಾತ್ರೆ. ಅಲ್ಲಿ ನಡೆಯುವುದೆಲ್ಲ ಇಬ್ಬರ ನಡುವಿನ ನಂಬಿಕೆಯಲ್ಲಿ. ಆ ನಂಬಿಕೆ ಗಳಿಸುವುದು ಮಾರುವವರಿಗೆ ಕಷ್ಟವೂ ಅಲ್ಲ, ಖರ್ಚೂ ಇಲ್ಲ. ಹಾಪಾದ ಪಕ್ಕ ಒಂದು ಬಿಳಿ ಬೇಸಿನ್ ಇಟ್ಟು, ‘ನೀವೇ ಒಂದ್ ಬಟ್ಲು ಎತ್ಕಳಿ, ಎಣ್ಸೋಣ’ ಎಂದರೆ ಸಾಕು. ಆ ಗಿರಾಕಿ ಮುಂದಿನ ವರ್ಷ ಬೇರೆಡೆ ಹೋಗುವುದಿಲ್ಲ, ಪಕ್ಕದೂರಿನವರನ್ನೂ ಕರೆತರುತ್ತಾನೆ. ಕೆರೆ ಗುತ್ತಿಗೆಯೆಂದರೆ ಒಂದು ಮಳೆಗಾಲಕ್ಕೆ ಮುಗಿಯುವ ಬಾಬತ್ತಲ್ಲ, ವರ್ಷವರ್ಷವೂ ಮರಿ ಬೇಕು.

ಈ ಮಳೆಗಾಲ ಮರಿ ತರಲು ಹೊರಟವರಲ್ಲಿ ನನ್ನ ವಿನಂತಿ ಇಷ್ಟು. ಮಾರುವವರು ಎಣಿಸಿ ತೋರಿಸಿದ ಮೊದಲ ಬಟ್ಟಲಿಗೇ ನಿಲ್ಲಬೇಡಿ, ನಡುವೆ ನಿಮಗೆ ತೋಚಿದ ಒಂದು ಬಟ್ಟಲು ತಡೆದು ಎಣಿಸಿ ಎನ್ನಿ. ಕೇಳುವುದು ಅವಮಾನವಲ್ಲ, ನೆಟ್ಟಗೆ ವ್ಯಾಪಾರ ಮಾಡುವವರು ಬೇಸರಪಡುವುದೂ ಇಲ್ಲ. ಮರಿಯ ಗಾತ್ರ ಬದಲಾದರೆ ಹೊಸದಾಗಿ ಎಣಿಸಲಿ. ರಸೀತಿಯಲ್ಲಿ ಬರೀ ಮೊತ್ತ ಬರೆಸಿಕೊಂಡು ಬರಬೇಡಿ. ಯಾವ ಜಾತಿ, ಎಷ್ಟು ಇಂಚು, ಬಟ್ಟಲಿಗೆ ಎಷ್ಟರಂತೆ ಎಷ್ಟು ಬಟ್ಟಲು ಎಂಬುದನ್ನು ಬರೆಸಿ, ದಿನಾಂಕ ಹಾಕಿಸಿ, ಬಲೆ ಎಳೆಯುವ ದಿನದವರೆಗೂ ಆ ಚೀಟಿಯನ್ನು ಜೋಪಾನ ಮಾಡಿ.