ಅಂಗೈಗೆ ಬಂದ ಅಟಾರಿ

1977ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಯವರು ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡತಕ್ಕ ಒಂದು ಯಂತ್ರವನ್ನು ಮಾರುಕಟ್ಟೆಗೆ ತಂದರು. ‘ವಿಡಿಯೊ ಕಂಪ್ಯೂಟರ್ ಸಿಸ್ಟಮ್’ ಎಂಬುದು ಅದರ ಮೊದಲ ಹೆಸರು. 1982ರಿಂದ ಈಚೆಗೆ ಅದು ಅಟಾರಿ 2600 ಎಂದೇ ಪ್ರಸಿದ್ಧವಾಯಿತು. ಮುಂಭಾಗದಲ್ಲಿ ಮರದ ಎಳೆಗಳನ್ನು ಹೋಲುವ ಪಟ್ಟಿ, ಮೇಲೆ ಸಾಲಾಗಿ ಸ್ವಿಚ್ಚುಗಳು, ಆಟದ ಕಾರ್ಟ್ರಿಜ್ಜನ್ನು ತೂರಿಸಲು ಒಂದು ಸೀಳು. ಹೀಗೆ ಗೃಹಾಲಂಕಾರದ ವಸ್ತುವಿಗೆ ಸಲ್ಲುವ ಗಾಂಭೀರ್ಯದಿಂದ ಅದು ಟೆಲಿವಿಷನ್ನಿನ ಮುಂದೆ ಕುಳಿತಿರುತ್ತಿತ್ತು. ಇಂಥ ಯಂತ್ರವನ್ನು ಕೈಯಲ್ಲಿ ಹಿಡಿದು ರೈಲಿನಲ್ಲಿ ಆಡಲು ಸಾಧ್ಯವೆ? ಸಾಧ್ಯವೆಂಬುದನ್ನು 2000ದಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಬೆಂಜಮಿನ್ ಹೆಕೆಂಡಾರ್ನ್ ಎಂಬ ತರುಣರು ಮನೆಯಲ್ಲಿಯೇ ಮಾಡಿ ತೋರಿಸಿದರು; 2005ರಲ್ಲಿ ಆ ವಿದ್ಯೆಯನ್ನು ಪುಸ್ತಕರೂಪದಲ್ಲಿಯೂ ಹೊರತಂದರು. ಅವರ ಹಿಂದೆ ಹೊರಟ ಹವ್ಯಾಸಿಗಳು ಅನೇಕರು. ಅವರೆಲ್ಲರಿಗೂ ಎದುರಾಗುವ ತೊಡಕುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಆದರೆ ಅವು ನಾವು ಮೊದಲಿಗೆ ಊಹಿಸುವ ಜಾಗದಲ್ಲಿಲ್ಲ.

ಯಂತ್ರವನ್ನು ಕುಗ್ಗಿಸುವುದೇ ಕಷ್ಟವೆಂದು ತೋರುವುದು ಸಹಜ. ಆದರೆ ತಿರುಪುಗಳನ್ನು ಬಿಚ್ಚಿ ಮುಚ್ಚಳವನ್ನು ತೆಗೆದರೆ ಕಾಣುವುದೇನು? ಮುಖ್ಯವಾದ ಚಿಪ್ಪುಗಳು ಮೂರೇ ಮೂರು. ಲೆಕ್ಕ ಮಾಡುವ 6507 ಎಂಬುದೊಂದು. ಸ್ಮೃತಿಯನ್ನೂ ಗುಂಡಿಗಳ ಸಂಪರ್ಕವನ್ನೂ ನೋಡಿಕೊಳ್ಳುವ 6532 ಎಂಬುದು ಇನ್ನೊಂದು. ಚಿತ್ರವನ್ನೂ ಧ್ವನಿಯನ್ನೂ ಹುಟ್ಟಿಸುವ ಟಿಐಎ ಎಂಬುದು ಮೂರನೆಯದು. ಇವುಗಳ ಸುತ್ತ ಒಂದಷ್ಟು ರೋಧಕಗಳು, ಧಾರಕಗಳು. ರೇಡಿಯೊ ಅಲೆಗಳು ಸೋರಿ ನೆರೆಮನೆಯ ಟೆಲಿವಿಷನ್ನನ್ನು ಕೆಡಿಸದಂತೆ ಒಂದು ಲೋಹದ ಕವಚ. ಉಳಿದುದು ಬಹುಪಾಲು ಗಾಳಿ. ದೊಡ್ಡದಾಗಿರುವುದು ಪೆಟ್ಟಿಗೆಯೇ ಹೊರತು ಯಂತ್ರವಲ್ಲ. ಆದರೆ ಈ ಯಂತ್ರವು ಮನೆಯಲ್ಲಿದ್ದಾಗ ಎರಡು ಸೌಕರ್ಯಗಳನ್ನು ಹೊರಗಿನಿಂದ ಕಡ ಪಡೆಯುತ್ತಿತ್ತು: ಟೆಲಿವಿಷನ್ನಿನಿಂದ ಪರದೆಯನ್ನು, ಗೋಡೆಯಿಂದ ವಿದ್ಯುತ್ತನ್ನು. ಮನೆ ಬಿಟ್ಟು ಹೊರಟಾಗ ಈ ಎರಡನ್ನೂ ಅದು ತನ್ನ ಬೆನ್ನ ಮೇಲೆಯೇ ಹೊರಬೇಕಾಗುತ್ತದೆ.

ಮೊದಲು ಪರದೆಯ ವಿಚಾರ. ಈ ಯಂತ್ರದ ಸ್ಮೃತಿ ಕೇವಲ 128 ಬೈಟ್‌ಗಳು. ಪರದೆಯ ಮೇಲೆ ಅಡ್ಡಕ್ಕೆ 160 ಬಿಂದುಗಳು, ಉದ್ದಕ್ಕೆ ಸುಮಾರು 192 ಗೆರೆಗಳು ಎಂದಿಟ್ಟುಕೊಂಡರೆ, ಬಿಂದುವೊಂದಕ್ಕೆ ಒಂದೇ ಬಿಟ್ ಕೊಟ್ಟು ಬರೆದಿಟ್ಟರೂ ಚಿತ್ರಕ್ಕೆ 3840 ಬೈಟ್‌ಗಳು ಬೇಕು. ಅಷ್ಟು ಜಾಗ ಇಲ್ಲಿಲ್ಲ. ಆದುದರಿಂದ ಅಟಾರಿ ತನ್ನ ಚಿತ್ರವನ್ನು ಎಲ್ಲಿಯೂ ಬರೆದಿಡುವುದೇ ಇಲ್ಲ. ಅಂಗಳದಲ್ಲಿ ರಂಗೋಲಿ ಹಾಕುವ ಕೈ ಪುಡಿ ಉದುರುವ ಕ್ಷಣದಲ್ಲಿಯೇ ಎಳೆಯ ತಿರುವನ್ನು ನಿಶ್ಚಯಿಸುವಂತೆ, ಟೆಲಿವಿಷನ್ನಿನ ಎಲೆಕ್ಟ್ರಾನ್ ಕಿರಣವು ಗಾಜಿನ ಮೇಲೆ ಗೆರೆ ಎಳೆಯುತ್ತಿರುವಾಗಲೇ ಆ ಗೆರೆಯಲ್ಲಿ ಏನಿರಬೇಕೆಂಬುದನ್ನು ಪ್ರೋಗ್ರಾಮು ಹೇಳುತ್ತ ಹೋಗಬೇಕು. ಅಮೆರಿಕದ ಪದ್ಧತಿಯಲ್ಲಿ ಒಂದು ಗೆರೆಗೆ ಸಿಕ್ಕುವ ಕಾಲ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು 63.5 ಭಾಗ, ಅಷ್ಟರಲ್ಲಿ 6507 ಚಿಪ್ಪಿನ ಗಡಿಯಾರ ಬಡಿಯುವುದು 76 ಸಲ. ಈ 76 ಬಡಿತಗಳೊಳಗೆ ಮಾಡಿದುದೇ ಚಿತ್ರ. ಮಾಡದೆ ಉಳಿದುದು ಉಳಿಯಿತು. ಹೀಗೆ 262 ಗೆರೆಗಳು, ಸೆಕೆಂಡಿಗೆ ಸುಮಾರು 60 ಬಾರಿ. ಆ ಕಾಲದ ಪ್ರೋಗ್ರಾಮು ಬರೆದವರ ತಾಳ್ಮೆಯನ್ನು ಮೆಚ್ಚದೆ ಇರಲಾಗದು.

ಆದುದರಿಂದ ನಾವು ಜೋಡಿಸುವ ಪರದೆ ಎಷ್ಟೇ ಚಿಕ್ಕದಿರಲಿ, ಇದೇ ಲಯಕ್ಕೆ ಹೆಜ್ಜೆ ಹಾಕುವಂಥದಾಗಿರಬೇಕು. ಹಳೆಯ ಗಾಜಿನ ಚಿತ್ರನಳಿಕೆ ಹೆಜ್ಜೆ ಹಾಕೀತು. ಆದರೆ ಅದರ ಆಳ ಹೆಚ್ಚು, ಅದಕ್ಕೆ ಬೇಕಾದ ವಿಭವ ಸಾವಿರಾರು ವೋಲ್ಟ್. ಈ ಹವ್ಯಾಸವನ್ನು ಸಾಧ್ಯಗೊಳಿಸಿದುದು ಎಲ್‌ಸಿಡಿ ಎಂದು ಅಂಗಡಿಗಳಲ್ಲಿ ಕರೆಯುವ ದ್ರವಸ್ಫಟಿಕದ ಪರದೆ. ಅದುಳ್ಳ ಜೇಬಿನ ಟೆಲಿವಿಷನ್ನುಗಳು ಆಗಲೇ ಬಳಕೆಗೆ ಬಂದಿದ್ದವು. 2009ರ ಜೂನ್ ತಿಂಗಳಲ್ಲಿ ಅಮೆರಿಕದ ದೊಡ್ಡ ಕೇಂದ್ರಗಳೆಲ್ಲ ಹಳೆಯ ಬಗೆಯ ಪ್ರಸಾರವನ್ನು ನಿಲ್ಲಿಸಿದಾಗ, ಅವು ಅಲ್ಲಿ ಪ್ರಸಾರ ನೋಡುವವರಿಗೆ ನಿಷ್ಪ್ರಯೋಜಕವಾದರೂ ಹವ್ಯಾಸಿಗಳಿಗೆ ಉಪಯೋಗಕ್ಕೆ ಬರುವಂತೆಯೇ ಉಳಿದವು. ಇಂದು ಕಾರಿನ ಹಿಂಬದಿಯ ಕ್ಯಾಮೆರಾಕ್ಕೆ ಜೋಡಿಸುವ ಪುಟ್ಟ ಪರದೆಯನ್ನು ಬಳಸುವುದುಂಟು. ಕೊಳ್ಳುವ ಮೊದಲು ಒಂದನ್ನು ಗಮನಿಸಬೇಕು: ಅಮೆರಿಕದ ಯಂತ್ರದ ಬಣ್ಣಪದ್ಧತಿ ಎನ್‌ಟಿಎಸ್‌ಸಿ, ನಮ್ಮ ದೇಶದ ಹಳೆಯ ಟೆಲಿವಿಷನ್ನುಗಳದು ಪಾಲ್. ಎರಡನ್ನೂ ಅರಿಯದ ಪರದೆಯಲ್ಲಿ ಚಿತ್ರ ಕಪ್ಪುಬಿಳುಪಾಗಬಹುದು, ಇಲ್ಲವೆ ಉರುಳುತ್ತಲೇ ಇರಬಹುದು.

ಪರದೆ ಸಿಕ್ಕಿತೆನ್ನೋಣ, ಚಿತ್ರವನ್ನು ಅದಕ್ಕೆ ಮುಟ್ಟಿಸುವುದು ಹೇಗೆ? ಟೆಲಿವಿಷನ್ನಿಗೆ ಆಂಟೆನಾದ ಹಾದಿಯೊಂದೇ ಇದ್ದ ಕಾಲದಲ್ಲಿ, ಅಟಾರಿಯು ತನ್ನ ಚಿತ್ರವನ್ನು ರೇಡಿಯೊ ವಾಹಕ ತರಂಗದ ಮೇಲೆ ಏರಿಸಿ 2ನೆಯ ಅಥವಾ 3ನೆಯ ಚಾನೆಲ್ಲಿನ ಪ್ರಸಾರದಂತೆ ಕಳುಹಿಸುತ್ತಿತ್ತು; ಟೆಲಿವಿಷನ್ನು ಅದನ್ನು ಮತ್ತೆ ಇಳಿಸಿಕೊಳ್ಳುತ್ತಿತ್ತು. ಪಕ್ಕದ ಮನೆಗೆ ಕೊಡುವ ಬುಟ್ಟಿಯನ್ನು ಗಾಡಿಗೆ ಹೇರಿ ಸಾಗಿಸಿದಂತೆ. ಕೈಯಂತ್ರದಲ್ಲಿ ಈ ಏರಿಳಿತ ಬೇಡ. ಟಿಐಎ ಚಿಪ್ಪಿನಿಂದ ಬೆಳಕಿನ ಮಟ್ಟವನ್ನು ತಿಳಿಸುವ ಮೂರು ತಂತಿಗಳು, ಬಣ್ಣದ್ದೊಂದು, ಗೆರೆಗಳ ಆರಂಭವನ್ನು ಸಾರುವುದೊಂದು ಹೊರಬರುತ್ತವೆ. ತಕ್ಕ ರೋಧಕಗಳ ಮೂಲಕ ಇವನ್ನು ಕೂಡಿಸಿ, ಒಂದು ಟ್ರಾನ್ಸಿಸ್ಟರಿನಿಂದ ಬಲಪಡಿಸಿ, ನೇರವಾಗಿ ಪರದೆಗೆ ಕೊಟ್ಟರಾಯಿತು. ಚಿತ್ರವು ಮೊದಲಿಗಿಂತಲೂ ಸ್ಫುಟವಾಗಿ ಮೂಡುತ್ತದೆ.

ಇನ್ನು ವಿದ್ಯುತ್ತು. ಈ ಕೆಲಸದ ಸೋಲು ಗೆಲುವು ಇರುವುದು ಇಲ್ಲಿ ಎಂದು ನಮ್ಮ ಎಣಿಕೆ. ಗೋಡೆಯ ಅಡಾಪ್ಟರು 9 ವೋಲ್ಟ್ ಕೊಡುತ್ತದೆ. ಚಿಪ್ಪುಗಳಿಗೆ ಬೇಕಾದುದು 5 ವೋಲ್ಟ್. ನಡುವೆ 7805 ಎಂಬ ನಿಯಂತ್ರಕ ಕುಳಿತು ಹೆಚ್ಚಿನ 4 ವೋಲ್ಟನ್ನು ಶಾಖವಾಗಿ ಕಳೆಯುತ್ತದೆ. ಪ್ರವಾಹ 0.35 ಆಂಪೇರ್ ಎಂದು ಹಿಡಿಯಿರಿ. ಎಳೆದುಕೊಂಡ 3.15 ವಾಟ್‌ಗಳಲ್ಲಿ ಯಂತ್ರಕ್ಕೆ ಸಂದುದು 1.75 ವಾಟ್, ಉಳಿದ 1.4 ವಾಟ್ ಬರಿಯ ಬಿಸಿ. ಗೋಡೆಗೆ ಸಿಕ್ಕಿಸಿದ ಯಂತ್ರದಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯರು. ಬ್ಯಾಟರಿಯ ಯಂತ್ರದಲ್ಲಿ ಇದು ಆಟದ ಕಾಲವನ್ನೇ ಕಬಳಿಸುತ್ತದೆ. ಮೇಲಾಗಿ ಆ ಶಾಖವು ಮುಚ್ಚಿದ ಪೆಟ್ಟಿಗೆಯಲ್ಲಿ, ಆಡುವವನ ಅಂಗೈಯ ಪಕ್ಕದಲ್ಲಿಯೇ ಸೇರಿಕೊಳ್ಳುತ್ತದೆ. ದೊಡ್ಡ ಕಂಪನಿಗಳೂ ಈ ಕಷ್ಟದಿಂದ ಪಾರಾಗಿರಲಿಲ್ಲ. ಸೆಗಾ ಸಂಸ್ಥೆ ತನ್ನ ಜೆನೆಸಿಸ್ ಯಂತ್ರವನ್ನೇ ಕೈಗೆ ತಂದು 1995ರಲ್ಲಿ ನೊಮ್ಯಾಡ್ ಎಂದು ಮಾರಿತು. ಅದು ಆರು ಪೆನ್ಸಿಲ್ ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ಬರಿದು ಮಾಡುತ್ತಿತ್ತು.

ಮತ್ತೆ ಮತ್ತೆ ತುಂಬಬಹುದಾದ ಆರು ನಿಕ್ಕಲ್ ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸಿದರೆ ಕಾಗದದ ಮೇಲೆ 7.2 ವೋಲ್ಟ್. ಆದರೆ 7805 ಸರಿಯಾಗಿ ನಡೆಯಲು ಸುಮಾರು 7 ವೋಲ್ಟಾದರೂ ಬೇಕು. ಸೆಲ್ಲುಗಳು ಕೊಂಚ ಇಳಿದೊಡನೆಯೇ, ಒಳಗೆ ಶಕ್ತಿ ಸಾಕಷ್ಟಿದ್ದರೂ, ಚಿತ್ರ ಚದರತೊಡಗುತ್ತದೆ. ಹೊಸಬರು ಯಂತ್ರವೇ ಕೆಟ್ಟಿತೆಂದು ಬಗೆದು ಚಿಪ್ಪುಗಳನ್ನು ಶಂಕಿಸುವುದು ಇಂಥ ಸಮಯದಲ್ಲಿಯೇ. ಇದಕ್ಕೆ ಪರಿಹಾರವೆಂದರೆ ಸ್ವಿಚ್ಚಿನ ಬಗೆಯ ನಿಯಂತ್ರಕ. ಅದು ಪ್ರವಾಹವನ್ನು ಸೆಕೆಂಡಿಗೆ ಲಕ್ಷಾಂತರ ಬಾರಿ ಕಡಿದು ಕೂಡಿಸುತ್ತ, ಶಕ್ತಿಯನ್ನು ಒಂದು ಸುರುಳಿಯ ಕಾಂತಕ್ಷೇತ್ರದಲ್ಲಿ ಕ್ಷಣಕಾಲ ಕೂಡಿಟ್ಟು, ಬೇಕಾದ 5 ವೋಲ್ಟಿನಲ್ಲಿ ಹೊರಬಿಡುತ್ತದೆ. ನೂರರಲ್ಲಿ 85–90 ಪಾಲು ಉಪಯೋಗಕ್ಕೆ ಬರುತ್ತದೆ. ಆಗ ಅಟಾರಿಗೆ ಸುಮಾರು 2 ವಾಟ್, ಪರದೆಗೆ 3 ವಾಟ್ ಎಂದಿಟ್ಟುಕೊಂಡರೆ, 7.4 ವೋಲ್ಟಿನ, 2.5 ಆಂಪೇರ್-ಗಂಟೆಯ ಲಿಥಿಯಂ ಬ್ಯಾಟರಿಯಲ್ಲಿ ಮೂರೂವರೆ ಗಂಟೆ ಆಡಬಹುದು. ಆದರೆ ಈ ಕಡಿದು ಕೂಡಿಸುವ ಗದ್ದಲ ಚಿತ್ರದೊಳಗೂ ನುಗ್ಗಿ ಅಲೆಅಲೆಯಾದ ಪಟ್ಟೆಗಳನ್ನು ಎಬ್ಬಿಸುವುದುಂಟು. ನಿಯಂತ್ರಕದ ಬಾಯಲ್ಲಿ ಧಾರಕಗಳನ್ನಿಟ್ಟು, ಚಿತ್ರದ ತಂತಿಯನ್ನು ಅದರಿಂದ ದೂರ ಒಯ್ಯಬೇಕು.

ಲಿಥಿಯಂ ಸೆಲ್ಲು ಹಗುರ, ಶಕ್ತಿ ಹೆಚ್ಚು. ಆ ಶಕ್ತಿಯೇ ಅದರ ಅಪಾಯ ಕೂಡ. ಎರಡು ತುದಿಗಳೂ ನೇರವಾಗಿ ಕೂಡಿದರೆ, ತಿರುಪಿನ ಮೊನೆ ಚುಚ್ಚಿದರೆ, ಸೆಲ್ಲೊಂದಕ್ಕೆ 4.2 ವೋಲ್ಟಿನ ಮೇಲೆ ತುಂಬಿದರೆ ಬೆಂಕಿ ಹತ್ತಬಹುದು. ರಕ್ಷಣಾಮಂಡಲವುಳ್ಳ ಸೆಲ್ಲುಗಳನ್ನೇ ಕೊಂಡು, ಅವುಗಳಿಗೆಂದೇ ಮಾಡಿದ ಚಾರ್ಜರನ್ನು ಬಳಸಬೇಕು. ಸೆಲ್ಲಿನ ಮೈಗೆ ನೇರವಾಗಿ ಬೆಸುಗೆ ಹಾಕುವುದು ಸಲ್ಲದು. ತಗಡಿನ ಪಟ್ಟಿ ಕೂಡಿಸಿದ ಸೆಲ್ಲುಗಳು ಸಿಕ್ಕುತ್ತವೆ. ಇದನ್ನು ಹಿರಿಯರ ಅಥವಾ ಅಧ್ಯಾಪಕರ ಎದುರಿನಲ್ಲಿಯೇ ಮಾಡಬೇಕೆಂದು ವಿದ್ಯಾರ್ಥಿಗಳಿಗೆ ನಾವು ಒತ್ತಿ ಹೇಳುತ್ತೇವೆ.

ಗುಂಡಿಗಳ ಕೆಲಸ ಸುಲಭ. ಜಾಯ್‌ಸ್ಟಿಕ್ಕಿನೊಳಗೆ ಇರುವುದು ಐದು ಸ್ವಿಚ್ಚುಗಳಷ್ಟೆ: ದಿಕ್ಕಿಗೆ ನಾಲ್ಕು, ಗುಂಡು ಹಾರಿಸಲು ಒಂದು. ಒತ್ತಿದಾಗ ಆಯಾ ತಂತಿ ನೆಲದ ತಂತಿಗೆ ಕೂಡುತ್ತದೆ. ಆದುದರಿಂದ ಯಾವ ಸಾಮಾನ್ಯ ಗುಂಡಿಯಾದರೂ ಆದೀತು.

ಕಡೆಯದಾಗಿ, ಗರಗಸ ಹಿಡಿಯುವ ಮುಂಚಿನ ಒಂದು ಮಾತು. ಟಿಐಎ ಚಿಪ್ಪನ್ನು ಇಂದು ಯಾರೂ ತಯಾರಿಸುತ್ತಿಲ್ಲ. ಒಂದು ಸುಟ್ಟರೆ ಜಗತ್ತಿನಲ್ಲಿ ಒಂದು ಕಡಿಮೆ. ಅದರ ನಡೆಯನ್ನು ಅನುಕರಿಸುವ ಪ್ರೋಗ್ರಾಮುಗಳು ಪುಟ್ಟ ಕಂಪ್ಯೂಟರುಗಳಲ್ಲಿ ಓಡುತ್ತವೆ. ಆಟವಷ್ಟೇ ಬೇಕಾದವರಿಗೆ ಅವು ಸಾಕು. ಹಳೆಯ ಯಂತ್ರವೇ ಕೈಯಲ್ಲಿ ನಡೆಯಬೇಕೆಂಬ ಹಟವುಳ್ಳವರು ಸುಸ್ಥಿತಿಯಲ್ಲಿರುವುದನ್ನು ಬಿಟ್ಟು, ಹೊರಪೆಟ್ಟಿಗೆ ಒಡೆದು ಮೂಲೆಗೆ ಬಿದ್ದಿರುವುದನ್ನು ಹುಡುಕುವುದು ಲೇಸು. ಆ ಹಲಗೆಯನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡೇ ಹೊಸ ಪರದೆ, ಹೊಸ ನಿಯಂತ್ರಕ, ಹೊಸ ಬ್ಯಾಟರಿಗಳನ್ನು ಉದ್ದನೆಯ ತಂತಿಗಳಿಂದ ಜೋಡಿಸಿ, ಒಂದು ಪೂರ್ತಿ ಸಂಜೆ ಆಡಿ ನೋಡಬೇಕು; ನಿಯಂತ್ರಕವನ್ನು ಆಗಾಗ ಮುಟ್ಟಿ ಬಿಸಿಯನ್ನು ಪರೀಕ್ಷಿಸಬೇಕು. ಅಲ್ಲಿ ನಡೆದ ಮೇಲೆ ಪೆಟ್ಟಿಗೆಯ ಅಳತೆ ತೆಗೆಯಬಹುದು.